ಹಳೆಯ ಬ್ಯಾಂಜೋ-ಮ್ಯಾಂಡೊಲಿನ್ ಕೊಳ್ಳುವುದೋ, ಮಾಮೂಲಿ ಮ್ಯಾಂಡೊಲಿನ್ ಸಾಕೋ?

ಭಜನೆಗೆ ಹಾರ್ಮೋನಿಯಂ ಒಂದೇ ಸಾಲದು, ಜೊತೆಗೊಂದು ತಂತಿವಾದ್ಯ ಇರಲಿ ಎಂದು ಹುಡುಕಲು ಹೊರಟವರ ಕಣ್ಣಿಗೆ ಈಗೀಗ ಬೀಳುತ್ತಿರುವುದು ಪುಟ್ಟ ಡೋಲಿಗೆ ದಂಡಿ ಜೋಡಿಸಿದಂತಿರುವ ಬ್ಯಾಂಜೋ-ಮ್ಯಾಂಡೊಲಿನ್. 1920ರ ಆಸುಪಾಸಿನದು, ರಿಪೇರಿ ಮಾಡಿ ಹೊಸದರಂತೆ ಮಾಡಿದ್ದೇವೆ ಎಂದು ಮಾರುವವರು ಬರೆದಿರುತ್ತಾರೆ. ನೋಡಲು ಚಂದ, ವಿಡಿಯೋದಲ್ಲಿ ಕೇಳಲೂ ಚುರುಕು. ಕುಂಬಳೆಯ ಭಜನಾ ಮಂದಿರಕ್ಕೆ ಇದು ಆಗುತ್ತದೆಯೇ, ಅಕ್ಕಲಕೋಟೆಯ ಬಿಸಿಲಿಗೆ ತಡೆಯುತ್ತದೆಯೇ, ಇದೇ ದುಡ್ಡಿಗೆ ಒಳ್ಳೆಯ ಮ್ಯಾಂಡೊಲಿನ್ ಅಥವಾ ಎಲೆಕ್ಟ್ರಿಕ್ ಮ್ಯಾಂಡೊಲಿನ್ ತೆಗೆದುಕೊಳ್ಳುವುದು ಮೇಲೋ ಎನ್ನುವುದು ಬೇರೆ ಪ್ರಶ್ನೆ.

ಮೊದಲೇ ಒಂದು ಎಚ್ಚರಿಕೆ. ಮಿರಜ, ಸೊಲ್ಲಾಪುರದ ಅಂಗಡಿಗಳಲ್ಲಿ ‘ಬೆಂಜೋ’ ಕೊಡಿ ಎಂದರೆ ನಿಮ್ಮ ಮುಂದೆ ಬರುವುದು ಬುಲ್‌ಬುಲ್ ತರಂಗ್, ಅಂದರೆ ಟೈಪ್‌ರೈಟರ್ ಗುಂಡಿಗಳಿರುವ ಪೆಟ್ಟಿಗೆ ವಾದ್ಯ. ಅದೂ ಈ ಹೋಲಿಕೆಯಲ್ಲಿ ಬರುತ್ತದೆ, ಆದರೆ ಅದರ ಜಾತಿಯೇ ಬೇರೆ. ಫೋನಿನಲ್ಲಿ ಮಾತಾಡಿ ಮುಂಗಡ ಕಳಿಸುವ ಮೊದಲು ಫೋಟೋ ತರಿಸಿಕೊಳ್ಳಿ.

ಯಾವುದನ್ನು ನೋಡಿ ತೂಗಬೇಕು?

ಬೆಲೆಯನ್ನು ಕೊನೆಗೆ ನೋಡೋಣ. ಮೊದಲು ಕೇಳಬೇಕಾದದ್ದು, ಒಂದು ಸಲ ಮೀಟಿದ ನಾದ ಎಷ್ಟು ಹೊತ್ತು ನಿಲ್ಲಬೇಕು? ಜಾರು (ಸ್ವರದಿಂದ ಸ್ವರಕ್ಕೆ ಜಾರುವುದು), ಕಂಪಿತ (ಸ್ವರವನ್ನು ನಡುಗಿಸುವುದು) ಹಾಕಿ ಕೀರ್ತನೆ ನುಡಿಸುವವರಿಗೆ ನಾದ ನಿಲ್ಲಲೇಬೇಕು. ದ್ರುತಗತಿಯ ಭಜನೆಗೆ ತಾಳದ ಜೊತೆ ಕಟಕಟನೆ ಸ್ವರ ಬೀಳಿಸುವವರಿಗೆ ಅದರ ಹಂಗಿಲ್ಲ. ಎರಡನೆಯದು, ಮೈಕಿಲ್ಲದೆ ಎಷ್ಟು ದೂರ ಕೇಳಬೇಕು. ಮೂರನೆಯದು ನಿಮ್ಮ ಊರಿನ ಹವೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಜತ್ತ–ಅಕ್ಕಲಕೋಟೆ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು. ಒಂದೇ ವಾದ್ಯ ಈ ಎರಡು ಕಡೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಆಮೇಲೆ ತಂತಿ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬುದು. ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಬ್ಯಾಂಜೋ-ಮ್ಯಾಂಡೊಲಿನ್ ಹೇಗೆ ನುಡಿಯುತ್ತದೆ

ಮ್ಯಾಂಡೊಲಿನ್ನಿನ ಬೆರಳು, ಬ್ಯಾಂಜೋದ ಹೊಟ್ಟೆ, ಅಂದರೆ ಮರದ ಚಕ್ರದ ಮೇಲೆ ಬಿಗಿದ ಚರ್ಮ. ನಾಲ್ಕು ಜೋಡಿಗಳಲ್ಲಿ ಎಂಟು ತಂತಿ, ಪಿಟೀಲಿನ ಹಾಗೆ ಜಿ-ಡಿ-ಎ-ಇ ಶ್ರುತಿ, ದಂಡಿಯ ತುದಿಯಿಂದ ಕುದುರೆಯವರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹದಿಮೂರು–ಹದಿನಾಲ್ಕು ಇಂಚು. ಮ್ಯಾಂಡೊಲಿನ್ ಬಲ್ಲವರು ಮೊದಲ ದಿನವೇ ನುಡಿಸಬಹುದು. ಅಮೆರಿಕದಲ್ಲಿ 1880ರ ದಶಕದಲ್ಲಿ ಹುಟ್ಟಿ, 1910–20ರ ದಶಕಗಳಲ್ಲಿ ಮೆರೆದ ವಾದ್ಯ ಇದು. ಮೈಕು, ಆಂಪ್ಲಿಫೈಯರ್ ಇಲ್ಲದ ಕಾಲದಲ್ಲಿ ಮ್ಯಾಂಡೊಲಿನ್ನಿನ ದನಿ ಗುಂಪಿನ ನಡುವೆಯೂ ಕೇಳಬೇಕಿತ್ತು, ಮಾಡಿದ್ದೇ ಅದಕ್ಕೆ. ಗಿಬ್ಸನ್, ವೇಗಾ, ವೇಮನ್, ಸ್ಲಿಂಗರ್‌ಲ್ಯಾಂಡ್ ಅಮೆರಿಕದ ಹೆಸರುಗಳು. ಇಂಗ್ಲೆಂಡಿನದಾದರೆ ಬರ್ಮಿಂಗ್‌ಹ್ಯಾಮಿನ ವಿಂಡ್ಸರ್. ನಾಲ್ಕೇ ಒಂಟಿ ತಂತಿಗಳಿರುವ ತಮ್ಮ ಒಬ್ಬನಿದ್ದಾನೆ, ಬ್ಯಾಂಜೋಲಿನ್ ಅಂತ.

ಇದರ ಗುಣ, ದೋಷ ಎರಡೂ ಒಂದೇ ಕಾರಣದಿಂದ ಬಂದದ್ದು. ಮ್ಯಾಂಡೊಲಿನ್ನಿನ ಮರದ ಹಲಗೆ ತಂತಿಯ ಶಕ್ತಿಯನ್ನು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಬಿಗಿದ ಚರ್ಮ ಹಗುರ, ಅದು ಬಂದ ಶಕ್ತಿಯನ್ನೆಲ್ಲ ತಕ್ಷಣ ಖರ್ಚು ಮಾಡಿಬಿಡುತ್ತದೆ. ಹಾಗಾಗಿ ಸದ್ದು ಜೋರು, ಆಯಸ್ಸು ಕಡಿಮೆ. ಮೇಲಿನ ಸ್ವರಗಳಂತೂ ಒಂದು ಸೆಕೆಂಡು ತುಂಬುವ ಮೊದಲೇ ಆರುತ್ತವೆ. ಜಾರು ಹಾಕಿ ಮೇಲಿನ ಸ್ವರ ತಲುಪುವಷ್ಟರಲ್ಲಿ ನಾದವೇ ಇರುವುದಿಲ್ಲ. ಸ್ಫುರಿತ, ಜಂಟಿ ಸ್ವರ, ಮಧ್ಯಮ ಕಾಲದ ಚಿಟ್ಟೆಸ್ವರದಂಥ ಚುರುಕು ಸ್ವರಗುಚ್ಛಗಳು ಮಾತ್ರ ಇದರಲ್ಲಿ ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಕೇಳುತ್ತವೆ. ದೀರ್ಘ ಸ್ವರ ಬೇಕಾದರೆ ಪ್ಲೆಕ್ಟ್ರಂ (ತಂತಿ ಮೀಟುವ ಚೂರು) ಮೇಲೆ–ಕೆಳಗೆ ಒಂದೇ ಸಮ ಆಡಿಸಿ ಟ್ರೆಮೊಲೊದಿಂದ ಎಳೆಯಬೇಕು, ಬೇರೆ ದಾರಿಯಿಲ್ಲ.

ತಂತಿ ಪಕ್ಕಕ್ಕೆ ಎಳೆದು ಗಮಕ, ಅಂದರೆ ಸ್ವರದ ಓಲಾಟ, ಹಾಕುವವರಿಗೆ ಇನ್ನೊಂದು ತೊಡಕು. ಕುದುರೆ ಕೂತಿರುವುದು ಬಾಗುವ ಚರ್ಮದ ಮೇಲೆ. ಒಂದು ಜೋಡಿಯ ಎಳೆತ ಬದಲಾದರೆ ಉಳಿದ ಜೋಡಿಗಳ ಶ್ರುತಿ ಕೂಡ ಸ್ವಲ್ಪ ಅಲುಗುತ್ತದೆ. ಶ್ರುತಿ ಸೇರಿಸುವಾಗ ಎರಡು ಸುತ್ತು ಬರಬೇಕಾಗುವುದು ಇದೇ ಕಾರಣಕ್ಕೆ: ಮೊದಲ ಸುತ್ತಿನಲ್ಲಿ ಸೇರಿಸಿದ ಜಿ, ಇ ಸೇರಿಸುವ ಹೊತ್ತಿಗೆ ಇಳಿದಿರುತ್ತದೆ. ಜೋಡಿಯ ಎರಡೂ ತಂತಿ ಒಂದೇ ಅಳತೆಗೆ ಎಳೆಯಲು ಬರುವುದೂ ಕಷ್ಟ. ಪ್ರತಿ ಜೋಡಿಯಿಂದ ಒಂದು ತಂತಿ ತೆಗೆದು ನಾಲ್ಕೇ ತಂತಿಯಲ್ಲಿ ನುಡಿಸಿ ನೋಡಿ. ಸದ್ದು ಇಳಿಯುತ್ತದೆ, ಆದರೆ ಬೆರಳಿಗೆ ಬಿಡುಗಡೆ, ಹಳೆಯ ದಂಡಿಯ ಮೇಲಿನ ಭಾರವೂ ಅರ್ಧ.

ಮೈಕಿಲ್ಲದ ಮಂದಿರದಲ್ಲಿ ತಾಳ, ತಬಲದ ನಡುವೆ ಇದು ಸಲೀಸಾಗಿ ಕೇಳುತ್ತದೆ. ಕೆಲವೊಮ್ಮೆ ಹಾಡುವವರಿಗಿಂತ ಹೆಚ್ಚೇ ಕೇಳುತ್ತದೆ, ಅದೇ ದೂರು. ಅದಕ್ಕೆ ಮದ್ದು ಸುಲಭ: ಹಿಂದಿನಿಂದ, ಒಳಗಿನ ಮರದ ಕೋಲಿಗೂ ಚರ್ಮಕ್ಕೂ ನಡುವೆ ಒಂದು ಹತ್ತಿಬಟ್ಟೆ ಮಡಚಿ ತುರುಕಿ, ಚರ್ಮಕ್ಕೆ ಮೆಲ್ಲನೆ ತಾಗುವಷ್ಟು. ಕುದುರೆಯಿಂದ ಆಚೆ, ಬಾಲದ ಕಡೆಯ ತಂತಿಗಳ ನಡುವೆ ಒಂದು ಫೆಲ್ಟ್ ತುಂಡು ನೇಯ್ದರೆ ಕಿಣಿಕಿಣಿ ಅನುರಣನವೂ ನಿಲ್ಲುತ್ತದೆ. ಚೆಂಡೆಯ ಪಕ್ಕ ಕೂತು ಗೆಲ್ಲುತ್ತೇನೆ ಎಂಬ ಆಸೆ ಮಾತ್ರ ಬೇಡ ಮಾರಾಯ್ರೆ.

ಚರ್ಮವೋ, ಪ್ಲಾಸ್ಟಿಕ್ಕೋ?

ನಮ್ಮ ಕಡೆಯವರು ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ಹಳೆಯ ವಾದ್ಯಗಳಿಗೆಲ್ಲ ಮೊದಲು ಇದ್ದದ್ದು ಕರುವಿನ ಚರ್ಮ. ನಾದ ಮೃದು, ದುಂಡು. ಆದರೆ ಜೂನ್ ತಿಂಗಳ ಕಾಸರಗೋಡಿನಲ್ಲಿ ಅದು ನೀರು ಕುಡಿದು ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಚರ್ಮ ತಗ್ಗಿದರೆ ಕುದುರೆ ತಗ್ಗುತ್ತದೆ, ತಂತಿ ದಂಡಿಯ ಮೇಲಿನ ಮೆಟ್ಟುಗಳಿಗೆ (ಲೋಹದ ಅಡ್ಡಪಟ್ಟಿಗಳು) ತಾಗಿ ಝುಂಯ್ ಎನ್ನುತ್ತದೆ, ನಾದ ಮಂಕಾಗುತ್ತದೆ. ಆಗ ಸುತ್ತಲಿನ ಕೊಕ್ಕೆಗಳ ನಟ್ಟು ತಿರುಗಿಸಿ ಬಿಗಿ ಮಾಡುತ್ತಾರೆ. ಮಳೆ ಹೋಗಿ ಗಾಳಿ ಒಣಗುವ ಹೊತ್ತಿಗೆ ಸಡಿಲ ಮಾಡಲು ಮರೆಯುತ್ತಾರೆ. ಚರ್ಮ ತಾನಾಗಿಯೇ ಬಿಗಿಯುತ್ತ ಹೋಗಿ ಒಂದು ದಿನ ಅದನ್ನು ಸುತ್ತಲೂ ಒತ್ತಿ ಹಿಡಿದ ಲೋಹದ ಬಳೆಯ ಅಂಚಿನಲ್ಲಿ ಹರಿಯುತ್ತದೆ. ಹರಿಯುವುದು ಬಹುಪಾಲು ಹೀಗೆಯೇ, ನುಡಿಸುವಾಗ ಅಲ್ಲ. ಜತ್ತ, ಅಕ್ಕಲಕೋಟೆ, ಆದವಾನಿ ಕಡೆ ಚರ್ಮ ಹೆಚ್ಚು ದಿನ ಬಿಗಿಯಾಗಿಯೇ ಇರುತ್ತದೆ, ನಾದವೂ ಚೆನ್ನ. ಬೇಸಿಗೆಗೆ ಮೊದಲು ಪ್ರತಿ ನಟ್ಟನ್ನೂ ಕಾಲು ಸುತ್ತು ಸಡಿಲಿಸಿಟ್ಟರೆ ಆಯಿತು.

ಪ್ಲಾಸ್ಟಿಕ್ಕು, ಅಂದರೆ ಮೈಲಾರ್ ಹೆಡ್ (ಚರ್ಮದ ಜಾಗದಲ್ಲಿ ಬಿಗಿಯುವ ಹಾಳೆ), ಹವೆಗೆ ಜಗ್ಗುವುದಿಲ್ಲ. ನಾದ ಸ್ವಲ್ಪ ಹರಿತ. ರೆಮೋ ಕಂಪನಿಯ ಫೈಬರ್‌ಸ್ಕಿನ್, ರೆನೆಸಾನ್ಸ್ ಎಂಬ ಬಗೆಗಳು ಚರ್ಮದ ಮೃದುತನಕ್ಕೆ ಹತ್ತಿರ ಬರುತ್ತವೆ. ಕರಾವಳಿಯವರಿಗೆ ನನ್ನ ಸಲಹೆ ಒಂದೇ: ಮೈಲಾರ್ ಹಾಕಿದ್ದನ್ನೇ ಕೊಳ್ಳಿ. ಚರ್ಮ ಇದ್ದರೆ ಮೊದಲು ಅಳತೆ ಕೇಳಿ. ಈಗಿನ ಬ್ಯಾಂಜೋಗಳದು ಹೆಚ್ಚಾಗಿ 11 ಇಂಚು. ಹಳೆಯ ಬ್ಯಾಂಜೋ-ಮ್ಯಾಂಡೊಲಿನ್ನುಗಳದು ಆರಕ್ಕಿಂತ ಕಡಿಮೆಯಿಂದ ಹಿಡಿದು ಹನ್ನೊಂದರವರೆಗೆ, ನಡುವೆ ಹದಿನಾರನೇ ಒಂದು ಭಾಗ ಲೆಕ್ಕದ ವಿಚಿತ್ರ ಅಳತೆಗಳು. ಬಳೆ ಬಿಚ್ಚಿ, ಚರ್ಮ ಕೂರುವ ಮರದ ಚಕ್ರದ ಹೊರ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆಯಬೇಕು. ಒಂದೂವರೆ ಮಿಲಿಮೀಟರ್ ತಪ್ಪಿದರೂ ಹೆಡ್ ಕೂರುವುದಿಲ್ಲ. ಎರಡು ಅಳತೆಗಳ ನಡುವೆಯೇ ಎರಡು–ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ಚಕ್ರ ಸೊಟ್ಟಗಾಗಿದೆ ಎಂದು ಅರ್ಥ, ಅಂಥದ್ದಕ್ಕೆ ಮೈಲಾರ್ ಹಾಕುವುದು ತಲೆನೋವು.

ಚರ್ಮಕ್ಕೆ ಈ ತಕರಾರಿಲ್ಲ, ಯಾವ ಅಳತೆಗೂ ಹಾಕಬಹುದು. ತಬಲ ಕಟ್ಟುವವರಲ್ಲಿ ಕರಣೆ (ನಡುವಿನ ಕಪ್ಪು ಲೇಪ) ಹಾಕದ ತೆಳು ಮೇಕೆ ಚರ್ಮ ಕೇಳಿ. ತಣ್ಣೀರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ನೆನೆಸಿ, ಚಕ್ರದ ಮೇಲೆ ಹರಡಿ, ತಂತಿಬಳೆ ಕೂರಿಸಿ, ಅಂಚನ್ನು ಬಳೆಯ ಸುತ್ತ ಮೇಲಕ್ಕೆ ಮಡಚಿ, ಮೇಲೆ ಲೋಹದ ಬಳೆ ಇಟ್ಟು ಕೊಕ್ಕೆ ಹಾಕಬೇಕು. ಒದ್ದೆ ಇರುವಾಗ ಸುಕ್ಕು ಹೋಗುವಷ್ಟೇ ಬಿಗಿ ಸಾಕು. ಬಳೆ ಆಗ ಸಾಕಷ್ಟು ಎತ್ತರದಲ್ಲೇ ಇರಲಿ, ಒಣಗಿದ ಮೇಲೆ ಕೆಳಕ್ಕೆ ಎಳೆಯಲು ಜಾಗ ಬೇಕು. ಫ್ಯಾನು, ಬಿಸಿಲು ಬೇಡ. ನೆರಳಿನಲ್ಲಿ ಎರಡು ದಿನ. ಒದ್ದೆಯಲ್ಲೇ ಪೂರ್ತಿ ಬಿಗಿದರೆ ಒಣಗುವಾಗ ಸೀಳುತ್ತದೆ. ಬಿಗಿ ಮಾಡುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ತಿರುಗಿಸುತ್ತ ಹೋಗಿ, ಒಂದು ಸಲಕ್ಕೆ ಕಾಲು ಸುತ್ತು. ಪ್ರತಿ ಕೊಕ್ಕೆಯ ಹತ್ತಿರ ಬೆರಳಲ್ಲಿ ತಟ್ಟಿ ನೋಡಿ, ಎಲ್ಲ ಕಡೆ ಒಂದೇ ಸ್ವರ ಬರಬೇಕು.

ಹೆಡ್ಡಿನ ಗಾತ್ರವೂ ದನಿಯನ್ನು ನಿರ್ಧರಿಸುತ್ತದೆ. ಐದಾರು ಇಂಚಿನದು ಮುದ್ದಾಗಿರುತ್ತದೆ, ಚೀರುತ್ತದೆ; ಜಿ ತಂತಿಗೆ ಮೈಯೇ ಇರುವುದಿಲ್ಲ. ಗಂಡಸರ ಭಜನೆಯ ಜೊತೆಗೆ ನುಡಿಸಲು ಹತ್ತು ಇಂಚಿಗೆ ಕಡಿಮೆ ಬೇಡ. ಹಿಂದೆ ಮರದ ಬಟ್ಟಲಿನಂಥ ರೆಸೋನೇಟರ್ ಇದ್ದರೆ ಸದ್ದು ಮುಂದಕ್ಕೆ ಹೋಗುತ್ತದೆ, ತೂಕ ಹೆಚ್ಚುತ್ತದೆ. ಮನೆಯಲ್ಲಿ ನುಡಿಸುವವರಿಗೆ ಹಿಂಬದಿ ತೆರೆದದ್ದೇ ಹಿತ.

‘ರಿಪೇರಿ ಆಗಿದೆ’ ಅಂದರೆ ಏನಾಗಿದೆ?

ಹೊಳಪು ಕೊಟ್ಟು ಹೊಸ ತಂತಿ ಹಾಕಿದ್ದನ್ನೇ ರಿಪೇರಿ ಎನ್ನುವವರಿದ್ದಾರೆ. ಕೇಳಬೇಕಾದ ಮೊದಲ ಪ್ರಶ್ನೆ, 12ನೇ ಮೆಟ್ಟಿನ ಮೇಲೆ ತಂತಿ ಎಷ್ಟು ಎತ್ತರ ಇದೆ, ಕುದುರೆಯ ಎತ್ತರ ಎಷ್ಟು. ತಂತಿ ಎರಡು ಮಿಲಿಮೀಟರಿನ ಹತ್ತಿರ, ಕುದುರೆ 12–15 ಮಿಲಿಮೀಟರ್ ಇದ್ದರೆ ಚೆನ್ನ. ತಂತಿ ಮೂರೂವರೆ ಇದ್ದು ಕುದುರೆಯನ್ನು ಆಗಲೇ ಎಂಟಕ್ಕೆ ಉಜ್ಜಿಬಿಟ್ಟಿದ್ದರೆ ದಂಡಿಯ ಕೋನವೇ ಹೋಗಿದೆ, ಇನ್ನು ಇಳಿಸಲು ಏನೂ ಉಳಿದಿಲ್ಲ. ಅದನ್ನು ಸರಿಮಾಡಲು ದಂಡಿ ಬಿಚ್ಚಿ, ಬುಡಕ್ಕೆ ತೆಳು ಮರದ ಚಕ್ಕೆ ಕೊಟ್ಟು ಮತ್ತೆ ಕೂರಿಸಬೇಕು.

ದಂಡಿಯ ಅಂಚಿನ ಉದ್ದಕ್ಕೆ ಕಣ್ಣಿಟ್ಟ ಫೋಟೋ ಒಂದು ತರಿಸಿಕೊಳ್ಳಿ. ಎಂಟು ತಂತಿಗಳೂ ಸೇರಿ ಸುಮಾರು 65–70 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಕಾಲದ ಹೆಚ್ಚಿನ ವಾದ್ಯಗಳ ದಂಡಿಯೊಳಗೆ ಉಕ್ಕಿನ ಸರಳಿಲ್ಲ; ಗಿಬ್ಸನ್ ಅದನ್ನು ಹಾಕತೊಡಗಿದ್ದೇ 1920ರ ದಶಕದಲ್ಲಿ. ಬಾಗಿದ ದಂಡಿ ನೆಟ್ಟಗಾಗುವುದು ಸುಲಭವಲ್ಲ. ಇದೇ ಕಾರಣಕ್ಕೆ ತಂತಿ ತೆಳುವಾದದ್ದೇ ಇರಲಿ: 0.010 ಇಂಚಿನ ಇ ತಂತಿ ಒಂದೊಂದೂ ಸುಮಾರು 8.7 ಕಿಲೋ ಎಳೆದರೆ 0.009 ಎಳೆಯುವುದು ಏಳು ಕಿಲೋ. ಉಳಿದ ಎ, ಡಿ, ಜಿ ಕ್ರಮವಾಗಿ 0.013–0.014, 0.024, 0.034ರ ಸುತ್ತ ಇರಲಿ.

ಮೆಟ್ಟುಗಳು ಸವೆದಿವೆಯೇ, ಬದಲಿಸಿದ್ದಾರೆಯೇ? ಕೊಕ್ಕೆಗಳು ಎಲ್ಲವೂ ಇವೆಯೇ? ಬಳೆ ಸುತ್ತಲೂ ಒಂದೇ ಎತ್ತರದಲ್ಲಿದೆಯೇ? ಒಂದು ಕಡೆ ತಗ್ಗಿದ್ದರೆ ಯಾರೋ ಅಲ್ಲಿ ಮಾತ್ರ ಬಿಗಿದಿದ್ದಾರೆ. ಚಕ್ರದ ಮರದ ಪದರಗಳು ಬಿಟ್ಟಿವೆಯೇ ಎಂದು ಒಳಗಿನಿಂದ ನೋಡಬೇಕು. ಹಳೆಯ ಸರೇಸಿನ ಅಂಟು ಸೆಕೆ–ತೇವಕ್ಕೆ ಬಿಟ್ಟುಕೊಡುತ್ತದೆ, ಏಪ್ರಿಲ್‌ನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರಂತೂ ಖಂಡಿತ. ಬಿರಡೆಗಳ ಬಿಳಿ ಪ್ಲಾಸ್ಟಿಕ್ ಗುಂಡಿ ಬೆರಳಲ್ಲಿ ಪುಡಿಯಾಗುವ ಸ್ಥಿತಿಗೆ ಬಂದಿರುವುದು ಮಾಮೂಲು, ಅದು ಬದಲಿಸಬಹುದಾದ್ದು. ದಂಡಿಯ ಬುಡದಲ್ಲಿ ಸೀಳಿದ್ದರೆ ಮಾತ್ರ ಹಿಂದೆ ಸರಿಯಿರಿ.

ತಂತಿಯ ವಿಷಯದಲ್ಲಿ ಒಂದು ಗಂಟು. ಇದರ ಬಾಲದ ಕೊಕ್ಕೆಗೆ ಕುಣಿಕೆ ತುದಿಯ ತಂತಿ ಬೇಕು, ಗಿಟಾರಿನಂತೆ ಗುಂಡು ತುದಿಯದಲ್ಲ. ಕುಣಿಕೆಯ ಸೆಟ್ ಸಿಗದಿದ್ದರೆ ಗುಂಡು ತುದಿಯದನ್ನು ತಂದು, ಹಿತ್ತಾಳೆ ಗುಂಡನ್ನು ಕಟಿಂಗ್ ಪ್ಲೇಯರಿನಲ್ಲಿ ಒತ್ತಿ ಒಡೆದು ತೆಗೆದರೆ ಕುಣಿಕೆ ಉಳಿಯುತ್ತದೆ. ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಕರಾವಳಿಯ ಉಪ್ಪುಗಾಳಿಗೆ ಸಾದಾ ಉಕ್ಕಿನ ಇ, ಎ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ.

ರಿಪೇರಿಗೆ ಮಹಾರಾಷ್ಟ್ರದ ಗಡಿಯವರು ಅದೃಷ್ಟವಂತರು. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಲ್ಲಿನ ಕುಶಲಕರ್ಮಿಗಳಿಗೆ ಬ್ಯಾಂಜೋ ಹೊಸದಿರಬಹುದು, ಎಲುಬಿನ ಪಟ್ಟಿ ಕೊರೆಯುವುದು, ಕುದುರೆ ಉಜ್ಜುವುದು ಹೊಸದಲ್ಲ. ಕಾಸರಗೋಡಿನವರು ಮಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವರನ್ನು ಹಿಡಿಯಬೇಕು.

ಉಳಿದವು

ಮಾಮೂಲಿ ಅಕೌಸ್ಟಿಕ್ ಮ್ಯಾಂಡೊಲಿನ್: ಸದ್ದು ಕಡಿಮೆ, ನಾದ ಉದ್ದ, ಮಳೆಗಾಲದಲ್ಲೂ ದಿನಕ್ಕೊಂದು ರೂಪ ತೋರಿಸುವುದಿಲ್ಲ. ನಮ್ಮಲ್ಲಿ ತಯಾರಾದ ಅಗ್ಗದವು ಐದಾರು ಸಾವಿರಕ್ಕೆ ಸಿಗುತ್ತವೆ. ಅವುಗಳಲ್ಲಿ ತಂತಿ ಎತ್ತರ ಹೆಚ್ಚು, ಮೆಟ್ಟುಗಳ ತುದಿ ಬೆರಳು ಗೀಚುತ್ತದೆ. ಇನ್ನೊಂದೆರಡು ಸಾವಿರ ಕೊಟ್ಟು ಸೆಟಪ್ ಮಾಡಿಸಿದರೆ ಕಲಿಯಲು ಸಾಕು. ಕಲಿಯಲು ಹೊರಟವರು ಬ್ಯಾಂಜೋ-ಮ್ಯಾಂಡೊಲಿನ್ನಿನಿಂದ ಶುರುಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಬೆರಳಿನದೋ, ಚರ್ಮದ್ದೋ, ಕುದುರೆ ಜರುಗಿದ್ದೋ ಎಂದು ಅವರಿಗೆ ತಿಳಿಯುವುದೇ ಇಲ್ಲ.

ಕರ್ನಾಟಕ ಸಂಗೀತವೇ ಗುರಿಯಾದರೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಬಿಟ್ಟು ಬೇರೆ ನೋಡಬೇಡಿ. ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ (1969–2014) ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳಿಗೆ ಬಂದದ್ದು ಗಮಕಕ್ಕಾಗಿಯೇ. ಗಟ್ಟಿ ಮರದ ಒಡಲಿನಲ್ಲಿ ತಂತಿಯ ಶಕ್ತಿ ಸೋರುವುದಿಲ್ಲ, ನಾದ ನಿಲ್ಲುತ್ತದೆ. ಮಳೆ–ಬಿಸಿಲಿನ ಕಾಟವೂ ಕಡಿಮೆ. ಆಂಪ್ಲಿಫೈಯರಿನ ಖರ್ಚು ಸೇರಿಸಿಕೊಳ್ಳಿ. ಕರೆಂಟು ಹೋದರೆ ಮೌನ.

ಬುಲ್‌ಬುಲ್ ತರಂಗ್ ಮೂರರಿಂದ ಹತ್ತು ಸಾವಿರದೊಳಗೆ ಬರುತ್ತದೆ. ಹಾರ್ಮೋನಿಯಂ ಬಲ್ಲವರು ಒಂದು ವಾರದಲ್ಲಿ ಭಜನೆಯ ಧಾಟಿ ನುಡಿಸಬಹುದು. ಗಮಕ ಇಲ್ಲವೇ ಇಲ್ಲ, ಗುಂಡಿಗಳ ಟಕಟಕ ಕೇಳುತ್ತದೆ. ಮೆರವಣಿಗೆಗೆ ಭುಜಕ್ಕೆ ಹಾಕಿಕೊಂಡು ಹೋಗುವವರಿಗೆ ಇದೇ ಅನುಕೂಲ.

ಬ್ಯಾಂಜೋ-ಮ್ಯಾಂಡೊಲಿನ್ನಿನ ದನಿಯೇ ಬೇಕು, ಹಳೆಯದರ ಗೋಜು ಬೇಡ ಎನ್ನುವವರಿಗೆ ಗೋಲ್ಡ್ ಟೋನ್ ಕಂಪನಿಯ ಹೊಸದಿದೆ. ಒಳಗೆ ಸರಳಿರುವ ದಂಡಿ, ಮೈಲಾರ್ ಹೆಡ್. ಹಳೆಯ, ಹೆಸರಿಲ್ಲದ ವಾದ್ಯವೊಂದು ರಿಪೇರಿಯಾಗಿ ಅಮೆರಿಕದಲ್ಲಿ ಸುಮಾರು 200ರಿಂದ 500 ಡಾಲರಿಗೆ ಸಿಗುತ್ತದೆ, ಹೆಸರಾಂತ ತಯಾರಕರದು ಅದಕ್ಕೂ ಮೇಲೆ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿದಾಗ ವಾದ್ಯದ ಬೆಲೆಯ ಅರ್ಧದಷ್ಟು ಮತ್ತೆ ಖರ್ಚಾಗಬಹುದು ಎಂದಿಟ್ಟುಕೊಂಡೇ ಲೆಕ್ಕ ಹಾಕಿ.

ಹಾಗಾದರೆ ಯಾರಿಗೆ ಯಾವುದು?

ಹತ್ತು ಸಾವಿರದೊಳಗೆ ಇರುವವರು ಬ್ಯಾಂಜೋ-ಮ್ಯಾಂಡೊಲಿನ್ನಿನ ಆಸೆ ಸದ್ಯಕ್ಕೆ ಬಿಟ್ಟು ಅಕೌಸ್ಟಿಕ್ ತೆಗೆದುಕೊಳ್ಳಿ. ಬೆರಳು ಪಳಗಿದೆ, ಮೈಕಿಲ್ಲದೆ ಭಜನೆಗೆ ನುಡಿಸಬೇಕು, ಐವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲಿರಿ ಎಂದಾದರೆ ಹತ್ತು ಇಂಚಿನ, ಮೈಲಾರ್ ಹೆಡ್ಡಿನ, ಕೋನ ಸರಿಯಿರುವ ಹಳೆಯ ವಾದ್ಯ ಹುಡುಕುವುದು ವ್ಯರ್ಥವಲ್ಲ. ಅದರ ದನಿ ಬೇರೆ ಯಾವುದರಲ್ಲೂ ಬರುವುದಿಲ್ಲ. ಶ್ರುತಿಯ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹೆಂಗಸರ ಬಿಳಿ 5ರ (ಹಾರ್ಮೋನಿಯಂನ ಐದನೇ ಬಿಳಿ ಮನೆ, ಜಿ) ಶ್ರುತಿಗೆ ಎಯನ್ನು ಜಿಗೆ, ಇಯನ್ನು ಡಿಗೆ ಇಳಿಸಿದರೆ ಸ-ಪ-ಸ-ಪ ಬರುತ್ತದೆ, ದಂಡಿಗೂ ಹಗುರ. ಕಪ್ಪು 1ಕ್ಕೆ (ಮೊದಲ ಕಪ್ಪು ಮನೆ) ಹಾಡುವ ಗುಂಪಾದರೆ ಎಲ್ಲ ಜೋಡಿಗಳನ್ನೂ ಅರ್ಧ ಸ್ವರ ಇಳಿಸಿ, ಡಿ ಜೋಡಿಯನ್ನು ಷಡ್ಜ ಮಾಡಿಕೊಳ್ಳಿ. ಏರಿಸುವ ಸಾಹಸ ಬೇಡ.

ದೂರದಿಂದ ತರಿಸುವುದಾದರೆ ಕಳಿಸುವವರಿಗೆ ಹೇಳಬೇಕಾದದ್ದು: ತಂತಿ ಸಡಿಲಿಸಿ, ಕುದುರೆ ತೆಗೆದು ಬೇರೆ ಸುತ್ತಿಡಿ, ತಂತಿ ಮತ್ತು ಹೆಡ್ಡಿನ ನಡುವೆ ಬಟ್ಟೆ ಇರಲಿ. ಬಂದ ಪೆಟ್ಟಿಗೆಯನ್ನು ಒಂದು ದಿನ ಹಾಗೇ ಬಿಡಿ. ಆಮೇಲೆ ತಂತಿಯನ್ನು ಒಂದೇ ಏಟಿಗೆ ಏರಿಸದೆ ಎರಡು–ಮೂರು ದಿನಗಳಲ್ಲಿ ಶ್ರುತಿಗೆ ತನ್ನಿ. ಕುದುರೆಯ ಜಾಗ ಹಿಡಿಯಲು ದಂಡಿಯ ತುದಿಯಿಂದ 12ನೇ ಮೆಟ್ಟಿಗೆ ಎಷ್ಟೋ ಅಲ್ಲಿಂದ ಅಷ್ಟೇ ದೂರಕ್ಕೆ ಇಟ್ಟು, ಜಿ ತಂತಿಯ ಕಡೆ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಿ. 12ನೇ ಮೆಟ್ಟಿನ ಮೇಲೆ ಬೆರಳು ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಕುದುರೆ ಇನ್ನಷ್ಟು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸರಿಯಾದ ಜಾಗ ಸಿಕ್ಕಿದಾಗ ಕುದುರೆಯ ಕಾಲುಗಳ ಪಕ್ಕ ಹೆಡ್ಡಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ, ಮುಂದೆ ತಂತಿ ಬದಲಿಸುವಾಗ ಬೇಕಾಗುತ್ತದೆ.